ಚೀಲದ ಮೇಲೆ ಯಾರ ಹೆಸರು: ಸಂಶೋಧನಾ ಪ್ರಬಂಧ ಮತ್ತು ಚಾಟ್‌ಬಾಟ್

ಹೋದ ಮಳೆಗಾಲದ ಮಾತು. ಸಾಗರದಲ್ಲಿ ಮೂರು ದಿನದಿಂದ ಮಳೆ ಹಿಡಿದಿತ್ತು, ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ನನ್ನ ಬಳಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ಎರಡನೇ ಅಧ್ಯಾಯದ ಪ್ರಿಂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಅವಳ ವಿಷಯ ಅಡಿಕೆಯ ಕೊಳೆರೋಗ ಮತ್ತು ಸಣ್ಣ ಬೆಳೆಗಾರರ ಸಾಲ. ಇಂಗ್ಲಿಷ್ ನೀಟಾಗಿತ್ತು. ಸ್ವಲ್ಪ ಜಾಸ್ತಿಯೇ ನೀಟಾಗಿತ್ತು. ನಾನು ಯಾವಾಗಲೂ ಹಿಂದಿನಿಂದ ಓದುವವನು, ಅಂದರೆ ಆಕರಗಳ ಪಟ್ಟಿಯಿಂದ. ಒಂಬತ್ತನೆಯದರಲ್ಲಿ ನಿಂತೆ: ಕೋಲ್ಮನ್, 1962, ಕೊಳೆರೋಗದ ಮೇಲೆ ಒಂದು ಪೇಪರ್, ಸಂಪುಟ ಸಂಖ್ಯೆ, ಪುಟ ಸಂಖ್ಯೆ ಎಲ್ಲ ಇದೆ.

"ಇದನ್ನ ಓದಿದೀಯಾ?" ಅಂದೆ.

"ಅದೊಂದು ಎಲ್ಲೂ ಸಿಕ್ತಿಲ್ಲ ಸರ್. ಹಳೇದಲ್ವಾ, ಅದಕ್ಕೆ ಇರಬೇಕು."

ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದವರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿ ಬೆಳೆಸಿದವರು. ಕೊಳೆರೋಗ ಯಾವ ಶಿಲೀಂಧ್ರದಿಂದ ಬರುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಅವರು ಬರೆದ ವರದಿ ಅಚ್ಚಾಗಿದ್ದು 1910ರಲ್ಲಿ. ಇವತ್ತಿಗೂ ಮಳೆಗಾಲದಲ್ಲಿ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ ಮರಕ್ಕೆ ಮದ್ದು ಹೊಡೆಸುತ್ತೇವಲ್ಲ, ಅದು ನಮ್ಮ ಕಡೆ ಬೇರೂರಿದ್ದು ಅಲ್ಲಿಂದ. ಆದರೆ ಕೋಲ್ಮನ್ ತೀರಿಕೊಂಡಿದ್ದು 1954ರಲ್ಲಿ. ಎಂಟು ವರ್ಷ ಆದ ಮೇಲೆ ಪೇಪರ್ ಬರೆದಿದ್ದಾರೆ ಅನ್ನುತ್ತಿತ್ತು ಪಟ್ಟಿ.

"ತೀರಿಕೊಂಡ ಮೇಲೂ ಯಾರಾದ್ರೂ ಅಚ್ಚು ಹಾಕಿಸಿರಬಹುದಲ್ವಾ ಸರ್?" ಅಂದಳು. ಪ್ರಶ್ನೆ ನ್ಯಾಯವಾದದ್ದೇ. ಮೊಬೈಲ್ ನೆಟ್‌ನಲ್ಲಿ ಹುಡುಕಿದೆವು. ಆ ಪತ್ರಿಕೆ ಇದೆ. ಆ ಸಂಪುಟವೂ ಇದೆ. ಆ ಪುಟಗಳಲ್ಲಿ ಇರುವುದು ಬೇರೆ ಯಾವುದೋ ಬೆಳೆಯ ಬಗ್ಗೆ ಬೇರೆ ಯಾರೋ ಬರೆದದ್ದು. ಮೂವತ್ತೊಂದು ಆಕರಗಳಲ್ಲಿ ಏಳು ಹೀಗೆಯೇ ಗಾಳಿಯಲ್ಲಿ ಹುಟ್ಟಿದವು.

ಹುಡುಗಿ ಮೋಸ ಮಾಡುವವಳಲ್ಲ. ತಾನು ಬರೆದ ಪ್ಯಾರಾಗಳನ್ನು ಚಾಟ್‌ಬಾಟ್‌ಗೆ ಕೊಟ್ಟು "ಇದಕ್ಕೆ ತಕ್ಕ ಆಕರ ಸೇರಿಸು" ಎಂದು ಕೇಳಿದ್ದಳು. ಅದು ಸೇರಿಸಿತು. ಅಷ್ಟೇ ಆಗಿದ್ದು.

ಸುಳ್ಳು ಹೇಳಿತು ಅನ್ನುವುದೂ ಪೂರ್ತಿ ಸರಿಯಲ್ಲ, ಯಾಕೆಂದರೆ ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಚಾಟ್‌ಬಾಟ್ ಕೆಲಸ ಮಾಡುವ ರೀತಿಯೇ ಬೇರೆ. ನಾನು "ಆಗುಂಬೆಯ" ಎಂದು ಹೇಳಿ ನಿಲ್ಲಿಸಿದರೆ ನಿಮ್ಮ ಬಾಯಿಗೆ "ಮಳೆ" ಬರುತ್ತದೆ, ಇಲ್ಲವೇ "ಸೂರ್ಯಾಸ್ತ" ಬರುತ್ತದೆ. "ಮೆಟ್ರೋ" ಬರುವುದಿಲ್ಲ. ಅಷ್ಟು ಸಲ ಕೇಳಿ ಓದಿ ಅಭ್ಯಾಸವಾಗಿದೆ. ಕೋಟಿಗಟ್ಟಲೆ ಪುಟಗಳನ್ನು ನುಂಗಿದ ಯಂತ್ರ ಇದೇ ಕೆಲಸವನ್ನು ಪದದಿಂದ ಪದಕ್ಕೆ, ಬಹಳ ಸಲ ಪದದ ತುಂಡಿನಿಂದ ತುಂಡಿಗೆ ಮಾಡುತ್ತಾ ಹೋಗುತ್ತದೆ. ಈ ಜಾಗಕ್ಕೆ ಯಾವುದು ಒಪ್ಪುತ್ತದೆ? ಮುಂದಿನದಕ್ಕೆ ಯಾವುದು? ನಿಜವೋ ಅಲ್ಲವೋ ಎಂದು ತೂಗುವ ತಕ್ಕಡಿ ಅದರ ಒಳಗೆ ಬೇರೆಯಾಗಿ ಇಲ್ಲ. ಕೊಳೆರೋಗ ಅಂದ ಕೂಡಲೇ ಕೋಲ್ಮನ್ ಹೆಸರು ಒಪ್ಪುತ್ತದೆ. ಹೆಸರಿನ ಮುಂದೆ ಒಂದು ಇಸವಿ ಒಪ್ಪುತ್ತದೆ. ಇಸವಿಯ ಮುಂದೆ ಪತ್ರಿಕೆ, ಸಂಪುಟ, ಪುಟ. ಆಕರಗಳ ಪಟ್ಟಿಗೆ ಒಂದು ಗಟ್ಟಿ ಅಚ್ಚು ಇರುವುದರಿಂದಲೇ ಅದನ್ನು ಹುಟ್ಟಿಸುವುದು ಯಂತ್ರಕ್ಕೆ ಇಷ್ಟು ಸಲೀಸು. ಓದುವವರಿಗೆ ಅನುಮಾನ ಬಾರದಿರುವುದೂ ಅದಕ್ಕೇ.

ಇದು ನಮ್ಮ ಹಳ್ಳಿ ಮಕ್ಕಳ ಕಥೆ ಮಾತ್ರ ಎಂದುಕೊಳ್ಳಬೇಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯೊಂದರ ಮೇಲಿನ ದಾವೆಯಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಆ ವಕೀಲರಲ್ಲೊಬ್ಬರು "ಈ ತೀರ್ಪುಗಳು ನಿಜವಾ?" ಎಂದು ಚಾಟ್‌ಬಾಟನ್ನೇ ಕೇಳಿದ್ದರು. ಅದು ಹೌದು ಅಂದಿತ್ತು!

ಈಗಿನ ಚಾಟ್‌ಬಾಟ್‌ಗಳು ಇಂಟರ್ನೆಟ್ಟಿನಲ್ಲಿ ಹುಡುಕಿ, ಲಿಂಕ್ ಸಮೇತ ಕೊಡುತ್ತವೆ. ಮೊದಲಿಗಿಂತ ವಾಸಿ. ಆದರೆ ಅಲ್ಲಿ ಇನ್ನೊಂದು ಗುಂಡಿ ಇದೆ. ಪೇಪರ್ ನಿಜವಾಗಿಯೂ ಇರುತ್ತದೆ, ಚಾಟ್‌ಬಾಟ್ ಹೇಳಿದ ಮಾತು ಮಾತ್ರ ಆ ಪೇಪರಿನಲ್ಲಿ ಇರುವುದಿಲ್ಲ. ಇದು ಪೊಳ್ಳು ಆಕರಕ್ಕಿಂತ ಅಪಾಯ, ಏಕೆಂದರೆ ಲಿಂಕ್ ಒತ್ತಿ ನೋಡಿದವರು ಸಮಾಧಾನವಾಗಿ ವಾಪಸ್ ಬರುತ್ತಾರೆ. ಹಾಗಾಗಿ ನನ್ನ ಮನೆಯ ನಿಯಮ ಒಂದೇ. ಡಿಒಐ ಸಂಖ್ಯೆ ಇದ್ದರೆ, ಅಂದರೆ ಒಂದೊಂದು ಪೇಪರಿಗೂ ಕೊಟ್ಟಿರುವ, '10' ಎಂದು ಶುರುವಾಗುವ ಆ ಉದ್ದದ ಗುರುತು, ಅದನ್ನು ಹಾಕಿ ಪೇಪರ್ ತೆರೆಯಬೇಕು. ತೆರೆದು, ನೀವು ಹೇಳುತ್ತಿರುವ ಮಾತು ಅದರ ಯಾವ ಪುಟದಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದ್ದು ಪಟ್ಟಿಯಲ್ಲಿ ಇರಬಾರದು. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಇದೆ, ಅಲ್ಲಿ ಪೂರ್ತಿ ಪಠ್ಯವೇ ಸಿಗುತ್ತದೆ.

ಹಾಗಾದರೆ ಚಾಟ್‌ಬಾಟ್ ಮುಟ್ಟಲೇಬಾರದಾ? ನಾನು ಹಾಗೆ ಹೇಳುವವನಲ್ಲ. ಹಾಗೆ ಹೇಳುವ ಹಿರಿಯರು ಇದ್ದಾರೆ, ಅವರ ಮಾತನ್ನು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ. ಮುಟ್ಟಿಲ್ಲ ಅಂತ ಹೇಳಿ ಮುಟ್ಟುತ್ತಾರೆ, ಅಷ್ಟೇ ವ್ಯತ್ಯಾಸ.

ಅಡಿಕೆ ಸುಲಿಯುವುದನ್ನೇ ನೋಡಿ. ಮೊದಲು ಸುಗ್ಗಿಯಲ್ಲಿ ರಾತ್ರಿಯಿಡೀ ಮೆಟ್ಟುಕತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಈಗ ಯಂತ್ರ ಬಂದಿದೆ. ಯಂತ್ರದಲ್ಲಿ ಸುಲಿದ ಅಡಿಕೆ ಅಂತ ಯಾರೂ ಬೈಯುವುದಿಲ್ಲ. ಆದರೆ ಮಂಡಿಗೆ ಹೋದ ಚೀಲದ ಮೇಲೆ ಬೆಳೆಗಾರನ ಹೆಸರಿರುತ್ತದೆ. ಒಳಗೆ ಕೆಳದರ್ಜೆಯ ಗೋಟಡಿಕೆ ಸೇರಿದ್ದರೆ, ಹಾಳಾದ ಕಾಯಿ ಬೆರೆತಿದ್ದರೆ "ಯಂತ್ರ ಸುಲಿದದ್ದು ಸ್ವಾಮಿ, ನಂಗೇನು ಗೊತ್ತು" ಎಂದರೆ ಮಂಡಿಯವರು ಕೇಳುತ್ತಾರಾ?

ಸಂಶೋಧನಾ ಪತ್ರಿಕೆಗಳೂ ಬಂದು ನಿಂತಿರುವುದು ಸರಿಸುಮಾರು ಇದೇ ಮಾತಿಗೆ. ಚಾಟ್‌ಜಿಪಿಟಿ ಹೊರಬಂದಿದ್ದು 2022ರ ನವೆಂಬರ್ 30ಕ್ಕೆ. ಒಂದೆರಡು ತಿಂಗಳಲ್ಲೇ ಕೆಲವು ಪೇಪರ್‌ಗಳಲ್ಲಿ ಅದರ ಹೆಸರು ಲೇಖಕರ ಸಾಲಿನಲ್ಲಿ ಕಾಣಿಸಿಕೊಂಡಿತು. 2023ರ ಜನವರಿಯಲ್ಲಿ 'ನೇಚರ್' ಮತ್ತು 'ಸೈನ್ಸ್' ಎರಡೂ ಇದಕ್ಕೆ ಬೇಡ ಎಂದವು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೂ ಅದೇ ವರ್ಷ ತನ್ನ ಮಾರ್ಗಸೂಚಿಯಲ್ಲಿ ಇದನ್ನು ಸೇರಿಸಿತು. ಕಾರಣ ಸರಳ. ಲೇಖಕ ಅಂದರೆ ಬರೆದವನು ಮಾತ್ರ ಅಲ್ಲ, ನಾಳೆ ತಪ್ಪು ಸಿಕ್ಕರೆ ಉತ್ತರ ಕೊಡುವವನು. ಚಾಟ್‌ಬಾಟನ್ನು ಕರೆದು ಕೂರಿಸಿ ವಿಚಾರಣೆ ಮಾಡಲು ಆಗುವುದಿಲ್ಲ. ಆದ್ದರಿಂದ ಅದು ಲೇಖಕ ಅಲ್ಲ, ಬಳಸಿದ್ದರೆ ಯಾವುದಕ್ಕೆ ಬಳಸಿದಿರಿ ಎಂದು ಹೇಳಿ, ಜವಾಬ್ದಾರಿ ಪೂರ್ತಿ ನಿಮ್ಮದು. ವಿವರಗಳಲ್ಲಿ ಪತ್ರಿಕೆಯಿಂದ ಪತ್ರಿಕೆಗೆ ವ್ಯತ್ಯಾಸ ಇದೆ. ಬರೀ ವ್ಯಾಕರಣ ತಿದ್ದಿಸಿದ್ದಕ್ಕೆ ಹೇಳಿಕೆ ಬೇಡ ಎನ್ನುವವರಿದ್ದಾರೆ, ಚೂರು ಬಳಸಿದರೂ ಬೇಕು ಎನ್ನುವವರೂ ಇದ್ದಾರೆ. ಕಳಿಸುವ ಮೊದಲು ಆ ಪತ್ರಿಕೆಯ ಸೂಚನೆ ಓದಿಕೊಳ್ಳುವುದೇ ದಾರಿ.

ಭಾಷೆ ತಿದ್ದಿಸುವುದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಬಳಸುವುದು ಇದಕ್ಕೇ, ಮತ್ತು "ಇದರಲ್ಲೇನು ತಪ್ಪು" ಎಂದು ಎಲ್ಲರೂ ಅಂದುಕೊಂಡಿರುವುದೂ ಇದನ್ನೇ. ತಪ್ಪಿಲ್ಲ, ನಿಜ. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದವರು ಇಂಗ್ಲಿಷ್ ಪತ್ರಿಕೆಗೆ ಬರೆಯುವಾಗ ಪಡುವ ಪಾಡು ನನಗೆ ಗೊತ್ತು, ನಾನೇ ಪಟ್ಟಿದ್ದೇನೆ. ದುಡ್ಡಿದ್ದವರು ಭಾಷೆ ತಿದ್ದುವವರಿಗೆ ಕೊಡುತ್ತಿದ್ದರು. ಈಗ ದುಡ್ಡಿಲ್ಲದವರಿಗೂ ಆ ಸಹಾಯ ಸಿಕ್ಕಿದೆ. ಆದರೆ ನನ್ನದೇ ಒಂದು ಎಡವಟ್ಟು ಕೇಳಿ.

ಒಂದು ಪೇಪರಿನ ಸಾರಾಂಶದಲ್ಲಿ ನಾನು ಬರೆದಿದ್ದೆ: ಕೊಳೆ ಜಾಸ್ತಿ ಬಂದ ವರ್ಷಗಳಲ್ಲಿ ನಾವು ಮಾತಾಡಿಸಿದ ಮನೆಗಳಲ್ಲಿ ಕೈಸಾಲವೂ ಜಾಸ್ತಿ ಕಂಡಿದೆ, ಎರಡಕ್ಕೂ ಸಂಬಂಧ ಇರಬಹುದು. ಇಂಗ್ಲಿಷ್ ಚಂದ ಮಾಡು ಎಂದು ಕೊಟ್ಟೆ. ಚಂದವಾಗಿ ಬಂತು. ಕೊಳೆರೋಗ ಸಣ್ಣ ಬೆಳೆಗಾರರನ್ನು ಸಾಲಕ್ಕೆ ನೂಕುತ್ತದೆ ಎಂದು ಈ ಅಧ್ಯಯನ ತೋರಿಸಿಕೊಟ್ಟಿದೆ! "ನಾವು ಮಾತಾಡಿಸಿದ ಮನೆಗಳು" ಮಾಯ. "ಇರಬಹುದು" ಮಾಯ. ಜೊತೆಜೊತೆಗೆ ಕಂಡದ್ದು, ಒಂದರಿಂದ ಇನ್ನೊಂದು ಆದದ್ದು ಅಂತಾಗಿತ್ತು. ಆ ಮನೆಗಳಲ್ಲಿ ಮಗಳ ಮದುವೆ ಇತ್ತು, ಬೋರ್‌ವೆಲ್ ತೆಗೆಸಿದ್ದರು, ಬೆಲೆ ಬಿದ್ದಿತ್ತು. ಅದೆಲ್ಲ ಗೊತ್ತಿದ್ದೇ ನಾನು "ಇರಬಹುದು" ಎಂದು ಬರೆದದ್ದು. ಪೇಪರ್ ಕಳಿಸುವ ಹಿಂದಿನ ರಾತ್ರಿ ಕಣ್ಣಿಗೆ ಬಿತ್ತು, ಪುಣ್ಯ. ಅಂದಿನಿಂದ ತಿದ್ದಿಸಿದ್ದನ್ನು ಮೂಲದ ಪಕ್ಕದಲ್ಲಿಟ್ಟು, ಇರಬಹುದು, ಕೆಲವು, ಸುಮಾರು, ಬಹುಶಃ ಇಂಥ ಪದಗಳು ಉಳಿದಿವೆಯಾ ಎಂದು ಒಂದೊಂದಾಗಿ ನೋಡುತ್ತೇನೆ. ಸಂಶೋಧಕನ ಪ್ರಾಮಾಣಿಕತೆ ಬಹಳ ಸಲ ಈ ಚಿಲ್ಲರೆ ಪದಗಳಲ್ಲೇ ಇರುತ್ತದೆ, ಯಂತ್ರ ಮೊದಲು ಗುಡಿಸುವುದೂ ಇವುಗಳನ್ನೇ.

ಅನುವಾದದ ಕಥೆ ಇನ್ನೂ ಮಜವಾಗಿದೆ. ಹುಡುಗಿ ಹೊಸನಗರ ಕಡೆಯ ಬೆಳೆಗಾರರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದಳು. ಒಬ್ಬ ಅಜ್ಜ ಹೇಳಿದ್ದು: "ಈ ವರ್ಷ ಕೊನೆ ತೆಗೆಸೋಕೆ ಜನಾನೇ ಸಿಕ್ಕಲಿಲ್ಲ." ಚಾಟ್‌ಬಾಟ್ ಇಂಗ್ಲಿಷಿಗೆ ಮಾಡಿದ್ದು: ವರ್ಷದ ಕೊನೆಯ ತನಕ ಜನ ಸಿಗಲಿಲ್ಲ. ಕೊನೆ ಅಂದರೆ ಅಡಿಕೆಯ ಗೊನೆ ಅಂತ ನಮ್ಮ ಕಡೆ ಮಗುವಿಗೂ ಗೊತ್ತು. ಅದಕ್ಕೆ ಗೊತ್ತಿಲ್ಲ. ಇನ್ನೊಬ್ಬರು "ಬೆಟ್ಟದ ಸೊಪ್ಪು ಸಾಲದು" ಅಂದಿದ್ದರು. ಸೊಪ್ಪಿನ ಬೆಟ್ಟ ಅಂದರೆ ತೋಟಕ್ಕೆ ಗೊಬ್ಬರದ ಸೊಪ್ಪು ತರಲು ಬಿಟ್ಟ ಕಾಡು, ಅದರ ಹಿಂದೆ ಹಕ್ಕಿನ ದೊಡ್ಡ ಇತಿಹಾಸವೇ ಇದೆ. ಅನುವಾದದಲ್ಲಿ ಅದು ಗುಡ್ಡದ ಮೇಲೆ ಬೆಳೆದ ತರಕಾರಿ ಸೊಪ್ಪಾಗಿತ್ತು. ಇಂಥ ಹತ್ತು ವಾಕ್ಯ ಸೇರಿದರೆ ಪ್ರಬಂಧವೇ ಬೇರೆ ಊರಿನದಾಗುತ್ತದೆ. ಪರೀಕ್ಷಕರು ದೂರದವರಾದರೆ ಅವರಿಗೂ ತಿಳಿಯುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಆ ರೆಕಾರ್ಡಿಂಗ್ ಎಲ್ಲಿಗೆ ಹೋಯಿತು ಅನ್ನುವುದು. ಅಜ್ಜ ತನ್ನ ಸಾಲದ ಲೆಕ್ಕ ಹೇಳಿದ್ದು ಎದುರಿಗೆ ಕೂತ ಹುಡುಗಿಯನ್ನು ನಂಬಿ. ಹೆಸರು, ಊರು, ಯಾರ ಹತ್ತಿರ ಎಷ್ಟು ತೆಗೆದುಕೊಂಡದ್ದು, ಎಲ್ಲ ಅದರಲ್ಲಿದೆ. ಅದನ್ನು ಹಾಗೇ ಚಾಟ್‌ಬಾಟ್‌ಗೆ ಸುರಿದರೆ ಯಾವುದೋ ಕಂಪನಿಯ ಸರ್ವರಿಗೆ ಹೋಗುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಕೆಲವು ಸೇವೆಗಳಲ್ಲಿ ಚಾಟ್‌ಬಾಟ್‌ನ ಮುಂದಿನ ತರಬೇತಿಗೂ ಹೋಗಬಹುದು. ಆರೋಗ್ಯದ ವಿಷಯವಾದರೆ ಇನ್ನೂ ಸೂಕ್ಷ್ಮ. ಮಂಗನ ಕಾಯಿಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದದ್ದು, ಅದರ ಮೇಲೆ ಇವತ್ತಿಗೂ ಇಲ್ಲಿ ಕೆಲಸ ಮಾಡುವವರಿದ್ದಾರೆ. ಕಾಯಿಲೆ ಬಂದ ಮನೆಯವರ ಹೆಸರು, ಊರು ಇರುವ ಹಾಳೆಯನ್ನು ಕೋಷ್ಟಕ ಮಾಡಿಸಲು ಅಪ್‌ಲೋಡ್ ಮಾಡುವುದು ನನ್ನ ಪ್ರಕಾರ ಪೊಳ್ಳು ಆಕರ ಹಾಕುವುದಕ್ಕಿಂತ ದೊಡ್ಡ ತಪ್ಪು. ಪೊಳ್ಳು ಆಕರವನ್ನು ಅಳಿಸಬಹುದು. ಇದನ್ನು ವಾಪಸ್ ತರಲು ಆಗುವುದಿಲ್ಲ. ಹೆಸರು ತೆಗೆದು ಸಂಖ್ಯೆ ಹಾಕಿ, ಊರಿನ ಗುರುತು ಮರೆಸಿ, ಅದಕ್ಕೂ ಮೊದಲು ಒಪ್ಪಿಗೆ ಪತ್ರದಲ್ಲಿ ಇದನ್ನೂ ಒಂದು ಸಾಲು ಬರೆದು ಓದಿ ಹೇಳಿ.

ಬೇರೆಯವರ ಪೇಪರ್ ಪರಿಶೀಲನೆಗೆ ಬಂದಾಗಲೂ ಇದೇ ಮಾತು. ಅಚ್ಚಾಗದ ಪೇಪರ್ ಗುಟ್ಟಿನದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಅನುದಾನದ ಅರ್ಜಿಗಳನ್ನು ಪರಿಶೀಲಿಸುವವರು ಇಂಥ ಸಾಧನ ಬಳಸಬಾರದು ಎಂದು 2023ರಲ್ಲೇ ಹೇಳಿಬಿಟ್ಟಿತು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: "ಪರ್ಸೆಂಟ್ ಎಷ್ಟಿದ್ರೆ ನಡಿಯುತ್ತೆ ಸರ್?" ಇಲ್ಲಿ ಎರಡು ಬೇರೆ ಬೇರೆ ಲೆಕ್ಕ ಬೆರೆತುಹೋಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಕೃತಿಚೌರ್ಯದ ನಿಯಮ ತಂದಿತು. ಬೇರೆಡೆಯ ಬರಹಕ್ಕೆ ಶೇಕಡಾ 10ರ ತನಕ ಹೋಲಿಕೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದು ಹೋಲಿಕೆಯ ಲೆಕ್ಕ. ಚಾಟ್‌ಬಾಟ್ ಬರೆದದ್ದು ಹೊಸ ವಾಕ್ಯವೇ ಆಗಿರುವುದರಿಂದ ಈ ಲೆಕ್ಕದಲ್ಲಿ ಬಹಳ ಸಲ ಸೊನ್ನೆಯ ಹತ್ತಿರ ಬರುತ್ತದೆ. ಸೊನ್ನೆ ಬಂದರೆ ಅದು ನಿಮ್ಮ ಬರಹ ಅಂತೇನೂ ಅಲ್ಲ.

ಎರಡನೆಯದು ಎಐ ಬರೆದದ್ದೋ ಮನುಷ್ಯ ಬರೆದದ್ದೋ ಎಂದು ಪತ್ತೆ ಹಚ್ಚುವ ಸಾಫ್ಟ್‌ವೇರ್ ಕೊಡುವ ಅಂಕಿ. ಇದನ್ನು ನಾನು ನಂಬುವುದಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಬಿಟ್ಟಿತ್ತು. ಎಐ ಬರಹದಲ್ಲಿ ಶೇಕಡಾ 26ನ್ನು ಮಾತ್ರ ಅದು ಸರಿಯಾಗಿ ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇಕಡಾ 9ನ್ನು ಎಐ ಅನ್ನುತ್ತಿತ್ತು. ಜುಲೈನಲ್ಲಿ ವಾಪಸ್ ತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಸಾಫ್ಟ್‌ವೇರ್‌ಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಎಐ ಬರೆದದ್ದು ಅಂದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳು ಬರೆದದ್ದನ್ನು ಹೆಚ್ಚುಕಮ್ಮಿ ಸರಿಯಾಗಿಯೇ ಗುರುತಿಸಿದವು. ಯಾಕೆ ಹೀಗೆ? ಈ ಸಾಫ್ಟ್‌ವೇರ್ ನೋಡುವುದು ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವುದನ್ನು. ಕಲಿತ ಇಂಗ್ಲಿಷಿನಲ್ಲಿ ಎಚ್ಚರಿಕೆಯಿಂದ, ಗೊತ್ತಿರುವ ಪದಗಳಲ್ಲೇ ಬರೆಯುವವರ ವಾಕ್ಯ ಊಹಿಸಲು ಸುಲಭ. ಅಂದರೆ ತೀರ್ಥಹಳ್ಳಿಯ ಹುಡುಗ ಸ್ವಂತ ಬುದ್ಧಿಯಿಂದ ಬರೆದರೂ ಸಿಕ್ಕಿಬೀಳಬಹುದು.

ಹಾಗಾಗಿ ಗೈಡ್‌ಗಳಿಗೆ ನನ್ನ ವಿನಂತಿ, ಈ ಅಂಕಿ ಹಿಡಿದು ಮಕ್ಕಳನ್ನು ಕಟಕಟೆಗೆ ನಿಲ್ಲಿಸಬೇಡಿ. ಮಕ್ಕಳಿಗೆ ಹೇಳುವುದು, ಕರಡುಗಳನ್ನು ಎಸೆಯಬೇಡಿ. ಕೈಬರಹದ ಟಿಪ್ಪಣಿ, ತಾರೀಕು ಹಾಕಿದ ಫೈಲುಗಳು, ಚಾಟ್‌ಬಾಟ್ ಜೊತೆ ಆಡಿದ ಮಾತು ಎಲ್ಲ ಇಟ್ಟುಕೊಳ್ಳಿ. ಕೇಳಿದಾಗ ತೋರಿಸಬಹುದು. ಮತ್ತೆ, ದಯವಿಟ್ಟು, ಎಐ ಬರಹವನ್ನು ಮನುಷ್ಯರ ಬರಹದ ಹಾಗೆ ಮಾಡಿಕೊಡುತ್ತೇವೆ ಎನ್ನುವ ಸೈಟುಗಳ ಹತ್ತಿರ ಹೋಗಬೇಡಿ. ಪದ ಬದಲಿಸಿ ತಪ್ಪಿಸಿಕೊಳ್ಳುವ ಆಟ ಹಳೆಯದು. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಅವರ ಜೊತೆಗಾರರು 2021ರಲ್ಲೇ ಇಂಥ ಪೇಪರ್‌ಗಳನ್ನು ಪತ್ತೆ ಮಾಡಿ ತೋರಿಸಿದ್ದರು. 'ಕೃತಕ ಬುದ್ಧಿಮತ್ತೆ' ಎಂದು ಇರಬೇಕಾದ ಕಡೆ 'ಖೋಟಾ ಪ್ರಜ್ಞೆ' ಎಂಬರ್ಥದ ಪದ ಇತ್ತು. ಅಚ್ಚಾಗಿ ಹೋಗಿತ್ತು!

ಉಳಿದ ಬಳಕೆಗಳ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಅರ್ಥವಾಗದ ಅಂಕಿಅಂಶದ ವಿಧಾನವನ್ನು ಬಿಡಿಸಿ ಹೇಳು ಎನ್ನಿ. ಕೋಡ್ ಎಲ್ಲಿ ತಪ್ಪಿದೆ ಕೇಳಿ, ಆಮೇಲೆ ಐದಾರು ಸಾಲಿನ ಡೇಟಾ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿ. ನನಗೆ ತುಂಬ ಉಪಯೋಗಕ್ಕೆ ಬಂದದ್ದು "ನೀನು ಕಟ್ಟುನಿಟ್ಟಿನ ಪರೀಕ್ಷಕ, ನನ್ನ ವಾದದಲ್ಲಿ ಎಲ್ಲಿ ಸಡಿಲ ಇದೆ ಹೇಳು" ಎಂದು ಕೇಳುವುದು. ವೈವಾಕ್ಕೆ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಗೆ, ಇದಕ್ಕಿಂತ ಒಳ್ಳೆ ತಾಲೀಮು ಇಲ್ಲ. ಡೇಟಾ ಹುಟ್ಟಿಸುವುದು, ಮಾಡದ ಸಂದರ್ಶನ ಬರೆಸುವುದು, ಓದದ ಪೇಪರಿನ ವಿಮರ್ಶೆ ಬರೆಸುವುದು, ಇವು ಚಾಟ್‌ಬಾಟ್ ಬರುವ ಮೊದಲೂ ತಪ್ಪೇ ಆಗಿದ್ದವು.

ಹುಡುಗಿ ಎರಡು ತಿಂಗಳು ಬಿಟ್ಟು ಅಧ್ಯಾಯ ತಂದಳು. ಆಕರ ಇಪ್ಪತ್ತೆರಡಕ್ಕೆ ಇಳಿದಿತ್ತು. ಏಳು ಪೊಳ್ಳು ಹೋದವು ಸರಿ, ಇನ್ನೆರಡು? "ಪೇಪರ್ ಇದೆ ಸರ್, ಆದ್ರೆ ನಾನು ಬರೆದ ಮಾತು ಅದರಲ್ಲಿ ಇರಲಿಲ್ಲ" ಅಂದಳು. ಕೋಲ್ಮನ್ ಇದ್ದರು, 1910 ಅಂತ. ಅಜ್ಜನ ಮಾತಿನಲ್ಲಿ 'ಕೊನೆ' ಹಾಗೇ ಉಳಿದು, ಕೆಳಗೆ ಅರ್ಥದ ಅಡಿಟಿಪ್ಪಣಿ ಬಂದಿತ್ತು. ಕೊನೆಯ ಪುಟದಲ್ಲಿ ಅವಳು ಸೇರಿಸಿದ ಹೇಳಿಕೆ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೀಗಾಗುತ್ತದೆ:

"ಈ ಅಧ್ಯಾಯದ ಇಂಗ್ಲಿಷ್ ತಿದ್ದಲು ಮತ್ತು ಮೂರನೇ ಕೋಷ್ಟಕದ ಕೋಡ್‌ನಲ್ಲಿ ತಪ್ಪು ಹುಡುಕಲು ಚಾಟ್‌ಬಾಟ್ ಬಳಸಿದ್ದೇನೆ. ಸಂದರ್ಶನಗಳನ್ನು ನಾನೇ ಅನುವಾದಿಸಿದ್ದೇನೆ. ಆಕರಗಳನ್ನೆಲ್ಲ ತೆರೆದು ಓದಿದ್ದೇನೆ. ತಪ್ಪುಗಳಿದ್ದರೆ ನನ್ನವು."

ನಾನು ಅದರಲ್ಲಿ ಒಂದೇ ತಿದ್ದುಪಡಿ ಮಾಡಿಸಿದೆ. ಯಾವ ಚಾಟ್‌ಬಾಟ್, ಯಾವ ಆವೃತ್ತಿ, ಯಾವ ತಿಂಗಳು ಅಂತ ಬರೆಯಲು ಹೇಳಿದೆ.